ಬಲಕ್ಕೆ ಮೂರು, ಎಡಕ್ಕೆ ಒಂದು

ಸಂಕ್ರಾಂತಿ ಕಳೆದು ಕೆರಗೋಡಿನಲ್ಲಿ ಕಬ್ಬಿನ ಕಟಾವು ಜೋರಾಗಿತ್ತು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಸೋದರತ್ತೆಯ ಮನೆಯ ಕಟಾವಿಗೆಂದು ದುದ್ದದಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಸಿದ್ದರಾಜು ಜಲ್ಲೆ ಇಳಿಸುತ್ತಿದ್ದ.

ಅತ್ತೆಯ ಮಗಳು ಹೊಂಬಾಳಮ್ಮ ಮಂಡ್ಯದ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಅಲ್ಲಿಗೇ ಬಂದಳು. ರಟ್ಟಿನ ಪೆಟ್ಟಿಗೆಯನ್ನು ಅವನ ಮುಂದೆ ಇಟ್ಟಳು.

"ಬಾವ, ಇದನ್ನ ಬಿಚ್ಚಿದ್ದು ಯಾರು?"

ಒಳಗೆ ಅವಳು ಮಾಡಿದ ಗ್ಲೂಕೋಸ್ ಅಣುವಿನ ಮಾದರಿ ಇತ್ತು. ಜೇಡಿಮಣ್ಣಿನ ಉಂಡೆಗಳು. ಒಲೆಮಸಿ ಬಳಿದದ್ದು ಕಾರ್ಬನ್, ಕುಂಕುಮದ್ದು ಆಕ್ಸಿಜನ್, ಸುಣ್ಣದ್ದು ಹೈಡ್ರೋಜನ್. ತೆಂಗಿನ ಕಡ್ಡಿ ಚುಚ್ಚಿ ಏಣಿಯಂತೆ ನಿಲ್ಲಿಸಿದ್ದಳು. ಕಾಲೇಜಿನ ಪ್ರದರ್ಶನಕ್ಕೆ ಬಸ್ಸಿನಲ್ಲಿ ಒಯ್ದರೆ ಒಡೆದೀತೆಂದು ಹಿಂದಿನ ದಿನವೇ, ಮಂಡ್ಯಕ್ಕೆ ಬೆಲ್ಲ ಹೇರಿಕೊಂಡು ಹೊರಟಿದ್ದ ಅವನ ಗಾಡಿಯಲ್ಲಿ ಕಳಿಸಿದ್ದಳು.

"ನಾನೇ ಕಣಮ್ಮಿ. ಸೇತುವೆ ತಾವ ಒಂದು ಕೆಂಪುಂಡೆ ಉದುರ್ತು. ನೋಡಿದ್ರೆ ಅದೂ ಸೇರಿ ಬಲಕ್ಕೆ ಮೂರು, ಎಡಕ್ಕೆ ಒಂದು. ಅಂಗೆ ಹೇರಿದ್ರೆ ಗಾಡಿ ವಾಲ್ತದೆ. ಎಡಕ್ಕೆ ಚುಚ್ಚಿ ಸಮ ಮಾಡ್ದೆ."

"ಸಮ ಆಗ್ಬಾರ್ದು! ವಾಲಿದ್ರೇನೇ ಗ್ಲೂಕೋಸು. ನಾಲ್ಕನೇ ಕಾರ್ಬನ್ನಿನ ಕೆಂಪುಂಡೆ ಎಡಕ್ಕೆ ಹೋದ್ರೆ ಗ್ಯಾಲಕ್ಟೋಸು."

"ಉಂಡೆ ಒಂದೂ ಕಮ್ಮಿ ಆಗಿಲ್ವಲ್ಲ?"

"ಉಂಡೆ ಅಷ್ಟೇ. ವಸ್ತು ಬ್ಯಾರೆ."

"ಅದೂ ಸಿಹಿನೇ ತಾನೆ?"

ಅವಳ ಮೂಗಿನ ತುದಿ ಕೆಂಪಾಯಿತು. ಅವನು ಅದನ್ನೇ ನೋಡುತ್ತ ನಿಂತದ್ದು ಇನ್ನಷ್ಟು ಸಿಟ್ಟು ತರಿಸಿತು.

"ಕಬ್ಬಿನ ಊರಿನೋಳಿಗೆ ಗ್ಲೂಕೋಸ್ ಗೊತ್ತಿಲ್ವೇನಮ್ಮ ಅಂತ ಎಲ್ಲರ ಮುಂದೆ ಅಂದ್ರು ಪಾರ್ಥಸಾರಥಿ ಮೇಷ್ಟ್ರು. ಬಹುಮಾನ ಹೋಯ್ತು. ನಿನ್ನ ಕೈಲಿ ಕಳಿಸಿದ್ದು ಅಂತ ನಂಬ್ಕೊಂಡು ನಾನು ತಿರುಗಿ ಕೂಡ ನೋಡ್ಲಿಲ್ಲ, ಬಾವ!"

ಅವನ ತುಟಿಯ ನಗು ಆರಿತು.

"ಕಟಾವು ಮುಗಿದ ಮೇಲೆ ಅಪ್ಪ ನಿಮ್ಮನೆಗೆ ನಮ್ಮ ಮದ್ವೆ ಮಾತಾಡೋಕೆ ಬರ್ತದೆ. ಬ್ಯಾಡ ಅಂತೀನಿ. ನಾಳೆ ನನ್ನನ್ನೂ ಹಿಂಗೇ ಕೇಳ್ದೆ ಸಮ ಮಾಡ್ತೀಯ."

ಸಿದ್ದರಾಜು ತೊಟ್ಟಿಗೆ ಹೋಗಿ ಕೈಯ ಅಂಟು ತೊಳೆದು ಬಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಬೆರಳು ಉಂಡೆಯ ಹತ್ತಿರ ಹೋಗಿ ನಿಂತಿತು.

"ಮುಟ್ಲಾ?"

ಅವಳು ಪೆಟ್ಟಿಗೆಯನ್ನು ಅವನತ್ತ ತುಸು ಸರಿಸಿದಳು.

"ಮುಟ್ಟು."

ಕೆಂಪುಂಡೆ ಬಲಕ್ಕೆ ಬಂತು. ಏಣಿ ತುಸು ವಾಲಿತು.

"ವಾಲ್ತಾ ಅದೆ."

"ವಾಲ್ಲಿ ಬುಡು."

"ಇನ್ನೊಂದು ಕೇಳ್ಬೇಕಿತ್ತು…"

"ಇವತ್ತು ಬ್ಯಾಡ. ಕ್ವಾಪ ಅದೆ."

"ಬಹುಮಾನದ ಸಾಲ ಎಂಗಾದ್ರೂ ತೀರುಸ್ತೀನಿ ಕಣಮ್ಮಿ."

ಪೆಟ್ಟಿಗೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿದಳು. ಮೂಗಿನ ತುದಿ ಇನ್ನೂ ಕೆಂಪಗಿತ್ತು.

"ತೀರುಸ್ಬ್ಯಾಡ. ಬದುಕಿರೋಗಂಟ ಇಟ್ಕೊ. ದಿನಾ ಎದುರಿಗೆ ಕುಂತು ಕೇಳ್ತೀನಿ."