ಸುವ್ವಿ ನದಿಯ ನೀಲಿ ಹರಳು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಹೊನ್ಮರಳಿ ಎಂಬ ರಾಜ್ಯವಿತ್ತು. ಅದರ ನಡುವೆ ಸುವ್ವಿ ಎಂಬ ನದಿ ಹರಿಯುತ್ತಿತ್ತು. ಅಲ್ಲಿ ಯಾರಾದರೂ ಸತ್ತರೆ, ಮೂರನೆಯ ದಿನ ಮನೆಯವರು ಮುತ್ತುಗದೆಲೆಯ ದೊನ್ನೆಯಲ್ಲಿ ದೀಪ ಹಚ್ಚಿ, ಸತ್ತವರ ಹೆಸರು ಹೇಳಿ, ನದಿಗೆ ಬಿಡುತ್ತಿದ್ದರು. ದೀಪದ ಹಿಂದೆ ಸತ್ತವರು ಹೋಗುತ್ತಿದ್ದರು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನದಿ ಇರಲಿಲ್ಲ. ಮರಳಿತ್ತು, ಕಲ್ಲಿತ್ತು, ಬಾಯಿ ತೆರೆದ ಮೀನುಗಳಿದ್ದವು. ಗುಡಾಣಮಾರ ಎಂಬ ಮಾಂತ್ರಿಕ ಸುವ್ವಿಯನ್ನು ಕದ್ದು, ಎಲ್ಲೋ ಒಂದು ದೊಡ್ಡ ಮಣ್ಣಿನ ಗುಡಾಣದಲ್ಲಿ ತುಂಬಿಟ್ಟಿದ್ದ.

ಅಂದಿನಿಂದ ಸತ್ತವರಿಗೆ ಹೋಗಲು ದಾರಿ ಇಲ್ಲವಾಯಿತು. ಅವರು ಬೆಳ್ಳಕ್ಕಿಗಳಾಗಿ ಒಣಮರಳಿನ ಮೇಲೆ ನಿಂತರು. ತಿನ್ನಲಿಲ್ಲ, ಹಾರಲಿಲ್ಲ. ಪಾದದಿಂದ ಮೇಲಕ್ಕೆ ನಿಧಾನವಾಗಿ ಕಲ್ಲಾಗತೊಡಗಿದರು. ಕಲ್ಲು ಕಣ್ಣನ್ನು ಮುಟ್ಟಿದರೆ ಮತ್ತೆ ಯಾವ ದೀಪವೂ ಅವರನ್ನು ಕರೆದೊಯ್ಯಲಾರದು.

ಆ ನದಿಯ ದಂಡೆಯ ಒಂದು ಊರಿನಲ್ಲಿ ಮಾದೇಗ ಎಂಬ ಜಲಗಾರನಿದ್ದ. ನದಿಯ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ಹುಡುಕುವುದು ಅವನ ಕಸುಬು. ಅವನಿಗೆ ಇದ್ದವಳು ಒಬ್ಬಳೇ ಮಗಳು, ಚೆಲುವಿ. ತಾಯಿಯಿಲ್ಲದ ಮಗು. ನದಿ ಕಾಣೆಯಾದ ಕೆಲವೇ ದಿನಗಳಿಗೆ ಅವಳು ಜ್ವರದಲ್ಲಿ ತೀರಿಕೊಂಡಳು. ಮೂರನೆಯ ದಿನ ಮಾದೇಗ ದೊನ್ನೆ ಹಿಡಿದು ಹೊಳೆಯ ದಂಡೆಗೆ ಹೋದ. ನೀರಿಲ್ಲದೆ ಹಿಂದಿರುಗಿ ಬಂದ. ಮರುದಿನ ಒಂದು ಪುಟ್ಟ ಬೆಳ್ಳಕ್ಕಿ ಬಂದು ಅವನ ಮರಿಗೆಯ ಪಕ್ಕದಲ್ಲಿ, ತಲೆಯನ್ನು ಎಡಕ್ಕೆ ವಾಲಿಸಿ ನಿಂತಿತು. ಚೆಲುವಿ ನಿಲ್ಲುತ್ತಿದ್ದುದು ಹಾಗೆಯೇ.

ರಾಜನು ಜಲಗಾರರನ್ನು ಕರೆಸಿ ಕೇಳಿದ. “ಸುವ್ವಿ ಹುಟ್ಟುವುದು ಎಲ್ಲಿ? ಬುಡ ಸಿಕ್ಕರೆ ಕಳ್ಳ ಸಿಕ್ಕಾನು.”

ಜಲಗಾರರ ಯಜಮಾನ ದ್ಯಾವಣ್ಣ ಒಂದು ಹಿಡಿ ಮರಳನ್ನು ತೊಳೆದು ತೋರಿಸಿದ. “ಕೆಂಪು ಹರಳು, ಬುದ್ಧಿ. ಇದು ಕೆಂಪುಗುಡ್ಡದ ಕಲ್ಲು.”

ಸೈನಿಕರು ಕೆಂಪುಗುಡ್ಡಕ್ಕೆ ಹೋದರು. ಒಣಬಂಡೆ ಕಂಡು ಬರಿಗೈಯಲ್ಲಿ ಬಂದರು. ಅಷ್ಟರಲ್ಲಿ ಪುಟ್ಟ ಬೆಳ್ಳಕ್ಕಿಯ ಮೊಣಕಾಲಿನವರೆಗೆ ಕಲ್ಲು ಏರಿತ್ತು.

ಜಲಗಾರರಲ್ಲಿ ಒಂದು ಕಟ್ಟಳೆಯಿತ್ತು. ಚಿನ್ನದ ಪದರ ಸಿಕ್ಕಿದ ಮೇಲೆ ಅಗೆಯಬಾರದು. ಅದರ ಕೆಳಗಿನದು ಸತ್ತ ಮರಳು, ಮುಟ್ಟಿದರೆ ಕೈಯ ಅದೃಷ್ಟ ಹೋಗುತ್ತದೆ. ಮಾದೇಗ ಚಿನ್ನದ ಪದರವನ್ನು ದಾಟಿ ಅಗೆದ.

ದ್ಯಾವಣ್ಣ ಬಂದು ಗುಂಡಿಯ ಅಂಚಿನಲ್ಲಿ ಕುಳಿತ. “ಏನೋ ಮಾದೇಗ, ಚಿನ್ನ ಮೇಲಿದೆ, ನೀನು ಕೆಳಗಿದೀಯ. ನಿನ್ನ ಗೋರಿ ನೀನೇ ತೋಡ್ಕೊತಿದೀಯೇನು?”

“ಯಜಮಾನ್ರೇ, ಮೇಲಿನ ಮರಳು ನಿನ್ನೆಯ ನದೀನ ಹೇಳ್ತದೆ. ನನಗೆ ಮೊದಲಿನ ನದಿ ಬೇಕು.”

ಅವನು ಸತ್ತ ಮರಳನ್ನು ಮರಿಗೆಯಲ್ಲಿ ಆಡಿಸಿದ. ಕೆಂಪು ಹರಳು ಒಂದೂ ಇರಲಿಲ್ಲ. ತೆಳುವಾದ ಕಾಗೆಬಂಗಾರದ ಚೂರುಗಳು ಮಿನುಗಿದವು. ಅವುಗಳ ನಡುವೆ ನೀಲಿ ಹರಳುಗಳಿದ್ದವು, ಎಳ್ಳಿನಷ್ಟು ಸಣ್ಣವು, ಸವೆದು ದುಂಡಗಾದವು.

“ನೋಡಿ. ಸುವ್ವಿ ಹುಟ್ಟಿದ್ದು ನೀಲಿಬೆಟ್ಟದಲ್ಲಿ. ಕೆಂಪುಗುಡ್ಡದ ನೀರು ಎಷ್ಟೋ ಕಾಲದ ಮೇಲೆ ಬಂದು ಕೂಡಿದ್ದು.”

ದ್ಯಾವಣ್ಣ ಒಂದು ನೀಲಿ ಹರಳನ್ನು ಬೆರಳ ತುದಿಯಲ್ಲಿ ಎತ್ತಿ ಬಿಸಿಲಿಗೆ ಹಿಡಿದ. “ಅಜ್ಜನ ಕಾಲದಿಂದ ತಪ್ಪು ಕಡೆಗೆ ಕೈ ತೋರಿಸಿದ್ವಲ್ಲೋ,” ಎಂದ. ಮನೆಗೆ ಹೋಗಿ ಹುರಿಹಿಟ್ಟು ಕಟ್ಟಿ ತಂದುಕೊಟ್ಟ.

ಮಾದೇಗ ಬೆಳ್ಳಕ್ಕಿಯನ್ನು ಮರಿಗೆಯಲ್ಲಿ ಕೂರಿಸಿ, ತಲೆಯ ಮೇಲೆ ಹೊತ್ತು ನಡೆದ.

ನಡೆದು ನಡೆದು, ಒಣಹೊಳೆ ಮೂರಾಗಿ ಕವಲೊಡೆಯುವ ಜಾಗಕ್ಕೆ ಬಂದ. ಅಲ್ಲಿ ಎರಡು ತಲೆಯ ಕೋಣ ನಿಂತಿತ್ತು.

“ಸರಿಯಾದ ಕವಲು ಒಂದೇ. ತಪ್ಪಿದರೆ ತುಳಿಯುತ್ತೇವೆ,” ಎಂದಿತು ಒಂದು ತಲೆ.

“ತಪ್ಪದಿದ್ದರೂ ತುಳಿಯೋಣ,” ಎಂದಿತು ಇನ್ನೊಂದು.

“ಸುಮ್ಮನಿರು. ಮಾತು ಎಂದರೆ ಮಾತು.”

ಮಾದೇಗ ಮೂರು ಕವಲಿನಲ್ಲೂ ಆಳಕ್ಕೆ ಅಗೆದು ಮರಳು ತೆಗೆದು ಆಡಿಸಿದ. ಮೊದಲನೆಯದರಲ್ಲಿ ಕೆಂಪು. ಎರಡನೆಯದರಲ್ಲಿ ಬರೀ ಕಪ್ಪು. ಮೂರನೆಯದರಲ್ಲಿ ನೀಲಿ. ಮೂರನೆಯದಕ್ಕೆ ಕಾಲಿಟ್ಟ. ಕೋಣ ದಾರಿ ಬಿಟ್ಟಿತು. ಕಲ್ಲು ಬೆಳ್ಳಕ್ಕಿಯ ಹೊಟ್ಟೆಯನ್ನು ಮುಟ್ಟಿತ್ತು.

ನಡೆದು ನಡೆದು, ಮರಳುಗಾಡಿಗೆ ಬಂದ. ಅಲ್ಲಿ ಗುಡ್ಡದಷ್ಟು ದೊಡ್ಡ ಉಡ ಅಡ್ಡ ಮಲಗಿತ್ತು.

“ನೀಲಿಬೆಟ್ಟ ಇನ್ನೆಷ್ಟು ದೂರ? ತಪ್ಪು ಹೇಳಿದರೆ ನುಂಗುತ್ತೇನೆ.”

ಮಾದೇಗ ಮರಳಿನಲ್ಲಿ ಒಂದು ನೀಲಿ ಹರಳು ಹುಡುಕಿ ಬೆರಳುಗಳ ನಡುವೆ ಒತ್ತಿದ. ರಕ್ತ ಬಂತು.

“ದೂರ ಉರುಳಿದ ಹರಳಿಗೆ ಮೊನೆ ಇರೋದಿಲ್ಲ. ಇದು ಚುಚ್ಚಿತು. ಬೆಟ್ಟ ನಿನ್ನ ಬೆನ್ನ ಹಿಂದೆಯೇ ಇದೆ.”

ಉಡ ಎದ್ದು ಪಕ್ಕಕ್ಕೆ ಸರಿಯಿತು. ಅದರ ಹಿಂದೆ ನೀಲಿಬೆಟ್ಟವಿತ್ತು. ಕಲ್ಲು ಬೆಳ್ಳಕ್ಕಿಯ ಕೊರಳನ್ನು ಮುಟ್ಟಿತ್ತು.

ಬೆಟ್ಟದ ಗವಿಯಲ್ಲಿ ಗುಡಾಣಮಾರ ಕುಳಿತಿದ್ದ. ಅವನ ಮುಂದೆ ಮೂರು ಗುಡಾಣಗಳಿದ್ದವು. “ಒಂದರಲ್ಲಿ ನಿನ್ನ ನದಿ, ಉಳಿದೆರಡರಲ್ಲಿ ವಿಷ. ಒಡೆಯುವುದಾದರೆ ಒಂದನ್ನೇ ಒಡೆ,” ಎಂದ.

ಗುಡಾಣಗಳ ಬಾಯಂಚಿನಲ್ಲಿ ಕೆಸರು ಒಣಗಿತ್ತು. ಮಾದೇಗ ಒಂದೊಂದರದನ್ನೂ ಕೆರೆದು ಅಂಗೈಯಲ್ಲಿ ಹರಡಿ ನೋಡಿದ. ಒಂದರಲ್ಲಿ ಬರೀ ಕೆಂಪು ಹರಳು. ಒಂದರಲ್ಲಿ ಬರೀ ನೀಲಿ. ಅವನ ಕೈ ನೀಲಿಯ ಕಡೆಗೆ ಹೋಗಿ ನಿಂತಿತು. ಸುವ್ವಿ ನೀಲಿಯಾಗಿ ಹುಟ್ಟಿದ್ದು ನಿಜ, ಆದರೆ ನೀಲಿಯಾಗಿಯೇ ಉಳಿದಿರಲಿಲ್ಲ. ಮೂರನೆಯದರಲ್ಲಿ ನೀಲಿಯೂ ಇತ್ತು, ಕೆಂಪೂ ಇತ್ತು.

“ಇದು,” ಎಂದ.

“ಅದೇ,” ಎಂದ ಗುಡಾಣಮಾರ. “ಒಡೆಯುವ ಮೊದಲು ಕೇಳು. ನಾನೂ ಸತ್ತವನೇ. ನದಿ ಹರಿದರೆ ಹೋಗಬೇಕಾಗುತ್ತದೆಂದು ಹೆದರಿ ಕದ್ದೆ. ಹರಿದರೆ ನಿನ್ನ ಮಗಳೂ ಹೋಗುತ್ತಾಳೆ. ಒಡೆಯದೆ ಬಿಟ್ಟರೆ, ಕಲ್ಲಾಗಿಯಾದರೂ ನಿನ್ನ ಮನೆಯಲ್ಲಿರುತ್ತಾಳೆ. ಮೈ ತೊಳೆಯಬಹುದು. ಹೂ ಮುಡಿಸಬಹುದು.”

ಮಾದೇಗ ಅಲ್ಲೇ ಕುಳಿತುಬಿಟ್ಟ. ಅವನಿಗೆ ಅದು ಬೇಕಾಗಿತ್ತು.

ಬೆಳ್ಳಕ್ಕಿಗೆ ಈಗ ಕಣ್ಣು ಮಾತ್ರ ಅಲುಗುತ್ತಿತ್ತು. ಅದು ಅವನನ್ನು ನೋಡಲಿಲ್ಲ. ಗುಡಾಣವನ್ನು ನೋಡುತ್ತಿತ್ತು. ಸಂಜೆಯಾದರೂ ಅವನು ಮರಳು ತೊಳೆಯುತ್ತಲೇ ಇದ್ದರೆ ಚೆಲುವಿ ಪಂಚೆಯ ಚುಂಗು ಎಳೆದು ಹೇಳುತ್ತಿದ್ದಳು: “ಸಾಕಪ್ಪಾ, ಹೋಗೋಣ.”

ಅವನು ಎದ್ದು, ಬೆಳ್ಳಕ್ಕಿಯನ್ನು ಕೆಳಗಿಳಿಸಿ, ಮರಿಗೆಯನ್ನೆತ್ತಿ ಗುಡಾಣಕ್ಕೆ ಹೊಡೆದ. ಗುಡಾಣವೂ ಒಡೆಯಿತು, ಮರಿಗೆಯೂ ಒಡೆಯಿತು.

ನೀರು ನುಗ್ಗಿತು. ಬೆಳ್ಳಕ್ಕಿಯ ಮೈಯ ಕಲ್ಲು ಸಿಪ್ಪೆಯಂತೆ ಉದುರಿತು. ಮೊಣಕಾಲುದ್ದದ ನೀರಿನಲ್ಲಿ ಚೆಲುವಿ ನಿಂತಿದ್ದಳು, ತಲೆಯನ್ನು ಎಡಕ್ಕೆ ವಾಲಿಸಿ.

“ಅಪ್ಪಾ, ನನ್ನ ದೀಪ ಎಲ್ಲಿ?”

“ಇದೆ ಮಗಾ. ಅವತ್ತಿಂದ ಇಟ್ಕೊಂಡೇ ಇದೀನಿ.” ಸೊಂಟದ ಬಟ್ಟೆಯಿಂದ ಒಣಗಿದ ದೊನ್ನೆ ತೆಗೆದ. ಚಕಮಕಿ ಕಲ್ಲು ಉಜ್ಜಿದ. ಬತ್ತಿ ಹತ್ತಲಿಲ್ಲ.

“ಅದಕ್ಕೆ ಎರಡೂ ಕೈ ಬೇಕಪ್ಪಾ. ದೊನ್ನೆ ನಾನು ಹಿಡ್ಕೊತೀನಿ, ನೀನು ಹಚ್ಚು.”

ಅವಳು ಹಿಡಿದಳು, ಅವನು ಹಚ್ಚಿದ. ಹೆಸರು ಹೇಳದೆ ದೀಪ ಹೊರಡುವುದಿಲ್ಲ. ಅವನು ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ಆದಷ್ಟು ಹೊತ್ತು ನಿಂತ. ಆಮೇಲೆ ಹೇಳಿದ.

“ಚೆಲುವಿ.”

ದೀಪ ಹೊರಟಿತು. ಅವಳು ಅದರ ಹಿಂದೆ ಹೋದಳು.

ಗುಡಾಣಮಾರ ಬರೀ ಒಬ್ಬ ಮುದುಕನಾಗಿ ನೀರಿನಂಚಿನಲ್ಲಿ ನಿಂತಿದ್ದ. “ನನ್ನ ಹೆಸರು ಹೇಳೋರು ಯಾರೂ ಇಲ್ಲ,” ಎಂದ. ಮಾದೇಗ ಒಂದು ಎಲೆ ಕಿತ್ತು, ಹುರಿಹಿಟ್ಟಿನ ಬಟ್ಟೆಯನ್ನು ಹರಿದು ಬತ್ತಿ ಮಾಡಿ ಹಚ್ಚಿದ. “ಮಾರ,” ಎಂದ. ಮುದುಕ ಹೋದ. ಅವನ ಮಾಯೆಯೂ ಹೋಯಿತು.

ಸುವ್ವಿ ಹೊನ್ಮರಳಿಗೆ ಮರಳಿ ಬಂದಳು. ಊರವರು ತಮ್ಮ ತಮ್ಮವರ ಹೆಸರು ಹೇಳಿ ದೀಪ ಬಿಟ್ಟರು. ಬೆಳ್ಳಕ್ಕಿಗಳೆಲ್ಲ ಎದ್ದು ನೀರಿನಗುಂಟ ಹಾರಿಹೋದವು. ಗದ್ದೆಗಳು ಹಸಿರಾದವು, ಮಕ್ಕಳು ಈಜಿದರು.

ನದಿ ಮರಳಿ ಬಂದ ದಿನ ದಂಡೆಯ ಮೇಲೆ ತೆಳುವಾದ ನೀಲಿ ಮರಳಿನ ಪದರ ಕುಳಿತಿತ್ತು. ಅದರ ಮೇಲೆ ವರ್ಷವರ್ಷವೂ ಹೊಸ ಮರಳು ಬಿದ್ದಿತು. ಮಾದೇಗ ಹೊಸ ಮರಿಗೆ ಮಾಡಿಕೊಂಡ. ಪ್ರತಿ ವರ್ಷ ನೆರೆ ಇಳಿದ ಮೇಲೆ ಒಂದೇ ಜಾಗದಲ್ಲಿ ಅಗೆದು, ಆ ನೀಲಿ ಪದರವನ್ನು ಬೆರಳಿನಿಂದ ಮುಟ್ಟಿ ನೋಡಿ, ಮತ್ತೆ ಮುಚ್ಚುತ್ತಿದ್ದ. ಪ್ರತಿ ವರ್ಷ ಗುಂಡಿ ಇನ್ನಷ್ಟು ಆಳವಾಗುತ್ತಿತ್ತು.

“ಸಿಕ್ತೇನೋ?” ಎಂದು ದ್ಯಾವಣ್ಣ ಮೇಲಿನಿಂದ ಕೇಳುತ್ತಿದ್ದ.

“ಸಿಕ್ತು, ಯಜಮಾನ್ರೇ.”

ದ್ಯಾವಣ್ಣ ಕೈ ಚಾಚಿ ಅವನನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದ.

ಹೊನ್ಮರಳಿಯವರು ಬಹುಕಾಲ ಸುಖವಾಗಿ ಬಾಳಿದರು. ಮಾದೇಗನೂ ಅವರ ನಡುವೆ ಬಾಳಿದ.