ಟೈಲರ್ ಅಂಗಡಿಯ ಬೋರ್ಡು

ಸೋಮವಾರ ಬೆಳಿಗ್ಗೆ ಶಟರ್ ಎತ್ತಲು ಹೋದ ಟೈಲರ್ ಮಾಸ್ಟರ್ ತಲೆಯೆತ್ತಿ ನೋಡಿದ.

ಬೋರ್ಡೇ ಇಲ್ಲ! ತೀರಿಹೋದ ಅಪ್ಪ ತನ್ನ ಹೆಸರು ಬರೆಸಿ ಹಾಕಿದ್ದ ಬೋರ್ಡು. ನಲವತ್ತು ವರ್ಷ ಅಲ್ಲೇ ಇತ್ತು.

ವಾರದ ಹಿಂದೆ ಚೌಕದಲ್ಲಿ ಒಬ್ಬ ಮೈಕು ಹಿಡಿದು ಅರಚಿದ್ದ: "ಅವರ ಅಂಗಡಿಗೆ ಕಾಲಿಡಬೇಡಿ! ಬೋರ್ಡ್ ಮೇಲಿನ ಹೆಸರು ಓದಿ, ಗುರುತು ಹಿಡೀರಿ!" ಅಂದಿನಿಂದ ಮಾಸ್ಟರನ ಸಮುದಾಯದವರಿದ್ದ ಹತ್ತಾರು ಮನೆಗಳಲ್ಲಿ ಹಗಲಲ್ಲೂ ಕಿಟಕಿ ತೆರೆದಿರಲಿಲ್ಲ.

ಮಾಸ್ಟರ್ ಠಾಣೆಗೆ ಫೋನ್ ಮಾಡಿದ. ಇನ್‌ಸ್ಪೆಕ್ಟರ್ ಮೇಡಂ ಬಂದರು.

"ಯಾರ ಮೇಲಾದ್ರೂ ಅನುಮಾನ?"

"ಎದುರಿನ ಸಲೂನಿನವನು. ಆ ಭಾಷಣಕ್ಕೆ ಚಪ್ಪಾಳೆ ತಟ್ಟಿದ್ದ."

ಮೇಡಂ ಕರೆಸಿದಾಗ ಸಲೂನಿನವನು ಕೈಮುಗಿದ. "ತಟ್ಟಿದ್ದು ನಿಜ. ಸುಮ್ನೆ ನಿಂತಿದ್ರೆ ಎಲ್ರೂ ನನ್ನೇ ನೋಡ್ತಿದ್ರು... ಆದ್ರೆ ಬೋರ್ಡ್ ಮುಟ್ಟಿಲ್ಲ, ಮಕ್ಕಳಾಣೆ!"

ಮೇಡಂ ಸ್ಟೂಲ್ ಹತ್ತಿ ಗೋಡೆ ಸವರಿದರು. ಬೆರಳಿಗೆ ಬಿಳಿ ಪುಡಿ ಅಂಟಿತು.

"ಮನೇಲಿ ಯಾರ್ಯಾರಿದ್ದೀರಿ?"

"ಅಮ್ಮ, ನಾನು, ಮಗಳು. ಅವಳು ವಾರದಿಂದ ಸ್ಕೂಲಿಗೆ ಹೋಗ್ತಿಲ್ಲ. ಹೊಟ್ಟೆನೋವು ಅಂತಾಳೆ."

ಅಂಗಡಿಯ ಹಿಂದೆಯೇ ಮನೆ. ಮಾಸ್ಟರನ ತಾಯಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮೇಡಂ ಅವಳ ಕೈಯನ್ನೇ ನೋಡಿದರು.

"ಮಾಸ್ಟ್ರೇ, ಬೋರ್ಡ್ ಹೋದದ್ದನ್ನ ನೀವೆಲ್ಲ ನೋಡಿದ್ರಿ, ಗೋಡೆ ನೋಡಲಿಲ್ಲ. ಸ್ಕ್ರೂ ತೂತುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ. ದ್ವೇಷದಿಂದ ಕಿತ್ತವನು ನಿಮ್ಮ ಗೋಡೆ ರಿಪೇರಿ ಮಾಡ್ತಾನಾ? ಇಲ್ಲಿ ಬೋರ್ಡೇ ಇರಲಿಲ್ಲ ಅನ್ನಿಸಬೇಕು — ಅದು ಬೇಕಿದ್ದದ್ದು ಯಾರಿಗೆ? ಅಮ್ಮಾ, ನಿಮ್ಮ ಉಗುರಲ್ಲಿ ಪುಟ್ಟಿ ಇನ್ನೂ ಇದೆ."

ಸೂಜಿ ನಿಂತಿತು.

"ನಾನೇ ತೆಗ್ದೆ. ನಿನ್ನೆ ರಾತ್ರಿ, ಬಟ್ಟೆ ತರೋಕೆ ಹೋದ ಇವನು ವಾಪಸ್ ಬರೋದ್ರೊಳಗೆ. ಕ್ಲಾಸಲ್ಲಿ ಮೊಮ್ಮಗಳ ಪಕ್ಕ ಯಾರೂ ಕೂರಲ್ಲ. ಹೆಸರು ಕಂಡ್ರೆ ತಾನೇ ನಾಳೆ ಕಲ್ಲು ಬೀಳೋದು?"

"ಅದು ಅಪ್ಪನ ಹೆಸರಮ್ಮಾ!"

"ನನ್ನ ಗಂಡನ ಹೆಸರೂ ಹೌದು ಕಣೋ. ಒಂದೊಂದು ಸ್ಕ್ರೂ ಬಿಚ್ಚುವಾಗ್ಲೂ ಕರುಳು ಕಿತ್ತು ಬಂತು."

ಮಗ ಅಮ್ಮನ ಪಕ್ಕ ಬಂದು ಕೂತ.

"ಬೋರ್ಡ್ ತೆಗೆದವರು ನೀವು," ಮೇಡಂ ಮೆಲ್ಲಗೆ ಹೇಳಿದರು. "ಆದ್ರೆ ಅಪರಾಧಿ ಆ ಮೈಕು ಹಿಡಿದವನು. ಅವನ ಮೇಲೆ ದೂರು ಬರ್ಕೊಡಿ."

"ಕೊಟ್ರೆ ಅವನ ಕಡೆಯವರು ಮನೆ ಮುಂದೆ ಬರ್ತಾರಲ್ಲ ಮೇಡಂ?" ಮಾಸ್ಟರ್ ಕೇಳಿದ.

"ಬರಬಹುದು. ನಾನೂ ಇರ್ತೀನಿ."

ಹೊರಗೆ ಯಾವುದೋ ಬೈಕು ನಿಂತ ಸದ್ದು. ಮೂವರೂ ಬಾಗಿಲ ಕಡೆ ತಿರುಗಿದರು. ಬೈಕು ಮುಂದೆ ಹೋಯಿತು.

ಮುದುಕಿ ಹೊಲಿಗೆ ಪಕ್ಕಕ್ಕಿಟ್ಟು ಕನ್ನಡಕಕ್ಕೆ ಕೈಚಾಚಿದಳು.

"ಕಾಗದ ಕೊಡಿ. ನಾನೇ ಬರೀತೀನಿ."