ಐದು ಹರ್ಟ್ಸ್ ಮೇಲೆ

ಸಿದ್ದಾಪುರದಲ್ಲಿ ಮೈಕ್‌ಸೆಟ್ ಇಟ್ಟು ಇಪ್ಪತ್ತು ವರ್ಷವಾಯಿತು. ನನ್ನ ಮೈಕು ಒಮ್ಮೆಯೂ ಕುಯ್ಯೆಂದಿಲ್ಲ. ಈ ಸೀಮೆಯಲ್ಲಿ ಹಾಗೆ ಎದೆತಟ್ಟಿ ಹೇಳುವವ ನಾನೊಬ್ಬನೇ. ನನ್ನ ಪೆಟ್ಟಿಗೆ ದನಿಯ ಶ್ರುತಿಯನ್ನು ಐದು ಹರ್ಟ್ಸ್, ಅಂದರೆ ಕೂದಲೆಳೆಯಷ್ಟು, ಮೇಲೇರಿಸಿ ಸ್ಪೀಕರಿಗೆ ಕಳಿಸುತ್ತದೆ. ಹಾಗಾಗಿ ಮೈಕಿಗೆ ಮರಳಿದ ಸದ್ದು ಮೊದಲಿನದಕ್ಕೆ ಕೂಡಿಕೊಂಡು ಕುಯ್ಯೆನ್ನುವಷ್ಟು ಬಲಿಯುವುದಿಲ್ಲ.

ಕೋಲಸಿರ್ಸಿಯ ಮದುವೆ ಚಪ್ಪರದಲ್ಲಿ, ಮಟಮಟ ಮಧ್ಯಾಹ್ನ, ದ್ಯಾವಮ್ಮ ಸೋಬಾನೆ ಹೇಳುತ್ತಿದ್ದರು. ಒಬ್ಬರು ಹೇಳಿದ ಸಾಲನ್ನು ಜೊತೆಗಾತಿ ಮತ್ತೆ ಹೇಳುವುದು ಪದ್ಧತಿ. ಅವರ ಜೊತೆಗಾತಿ ಕನ್ನಮ್ಮ ಹೋದ ವರ್ಷವೇ ತೀರಿಕೊಂಡಿದ್ದರು. ಆದರೂ ಸ್ಪೀಕರ್ ಪ್ರತಿ ಸಾಲನ್ನೂ ಮತ್ತೆ ಹೇಳಿತು, ತುಸು ತಗ್ಗಿದ ಶ್ರುತಿಯಲ್ಲಿ. ಶ್ರುತಿ ತಗ್ಗಿಸುವ ಗುಂಡಿಯೇ ನನ್ನ ಪೆಟ್ಟಿಗೆಯಲ್ಲಿಲ್ಲ.

“ಎಂತಕ್ಕೆ ಹೆದರ್ತಿ ತಮ್ಮಾ? ಅವ್ಳು ಯಾವಾಗ್ಲೂ ತಗ್ಗಿಸೇ ಹೇಳ್ತಿದ್ಲು,” ಎಂದರು ದ್ಯಾವಮ್ಮ.

ಮುಂದಿನ ಸಾಲನ್ನು ಸ್ಪೀಕರ್ ಮೊದಲು ಹೇಳಿತು. ದ್ಯಾವಮ್ಮ ಅದನ್ನು ಮತ್ತೆ ಹೇಳಿದರು.

ಆಗಲೂ ನನ್ನ ಮೈಕು ಕುಯ್ಯೆನ್ನಲಿಲ್ಲ.